ಅರ್ಧ ನಕ್ಷತ್ರ

ಅಚ್ಚಿನ ಖಾನೆಯಲ್ಲಿ ಇಡೀ ನಕ್ಷತ್ರವಿತ್ತು, ಅರ್ಧ ಇರಲಿಲ್ಲ.
ಅದನ್ನು ನಾನೇ ಮಾಡಿದೆ,
ಗಿರಗಾಂವದ ಪ್ರೆಸ್ಸಿನ ಮೆಟ್ಟಿಲ ಕೆಳಗೆ ಕೂತು
ಅರದಲ್ಲಿ ಉಜ್ಜಿ ಉಜ್ಜಿ,
ಸೀಸದ ಐದು ಮೂಲೆಯಲ್ಲಿ ಎರಡೂವರೆ ಉಳಿಯುವ ತನಕ.

ಕೆರ್ಸಿ ದುಬಾಶ್ ಕನ್ನಡಕ ಹಣೆಗೇರಿಸಿ ನೋಡಿದರು.
"ಸಾಕು ಕುಕ್ಕೂ. ಇನ್ನು ನಾನು ಸುಳ್ಳು ಹೇಳಬೇಕಾಗಿಲ್ಲ."
ಕೊಗ್ಗು ಎಂಬ ಹೆಸರು ಕೊನೆವರೆಗೂ ಅವರ ಬಾಯಿಗೆ ಹತ್ತಲಿಲ್ಲ.

ವರ್ಷಕ್ಕೊಂದು ಪುಸ್ತಕ, ಕೆಂಪು ರಟ್ಟು, ಅಂಗಿಜೇಬಿಗೆ ಇಳಿಯುವಷ್ಟು.
ಟ್ರಾಮ್ ನಿಂತ ಮರುವರ್ಷ ಮೊದಲನೆಯದು.
ಒಂದು ಸಿನಿಮಾಕ್ಕೆ ನಲವತ್ತು ಪದ;
ನಲವತ್ತೊಂದನೆಯದು ರಾಜಕುಮಾರಿಯೇ ಆದರೂ ಹೊರಗೆ.
ಮೂರು ತಾಸಿನ ಅಳು, ಏಳು ಹಾಡು, ಜಾತ್ರೆಯಲ್ಲಿ ತಪ್ಪಿಹೋದ ತಮ್ಮ,
ಎಲ್ಲ ನನ್ನ ಅಂಗೈಯಲ್ಲಿ ಆರು ಸಾಲು.

ಹಗಲು ಇಂಗ್ಲಿಷನ್ನು ತಲೆಕೆಳಗಾಗಿ ಓದುತ್ತಿದ್ದೆ,
ಇರುಳು ಫೋರ್ಟಿನ ರಾತ್ರಿಶಾಲೆಯಲ್ಲಿ ನೆಟ್ಟಗೆ.
ಬಿ ಯಾವುದೋ, ಡಿ ಯಾವುದೋ, ಎಂದು ಮೇಷ್ಟ್ರು ಗದರಿದರೆ
ಯಾವ ಕಡೆಯಿಂದ ಸ್ವಾಮಿ, ಎಂದಿದ್ದೆ.

ಸಾವಿರಾರು ಸಿನಿಮಾ ಗೊತ್ತಿತ್ತು ನನಗೆ. ನೋಡಿದ್ದು ಹನ್ನೊಂದು.
ಮಾಟುಂಗಾದ ಕೋಣೆಯಲ್ಲಿ ಒಂಬತ್ತು ಮಂದಿ, ಹೋಟೆಲಿನ ಹುಡುಗರು,
ಶನಿವಾರ ಚಾಪೆ ಬಿಡಿಸುತ್ತ ಕೇಳುವರು:
ನಾಳೆ ಯಾವುದು, ಕೊಗ್ಗಣ್ಣ?
ನಾನು ಕಣ್ಮುಚ್ಚಿ ಪುಟ ತಿರುವುವೆ.
"ಎರಡು. ನಾಯಕಿ ಪರವಾಗಿಲ್ಲ. ಹಾವು ಅನಗತ್ಯ."

ಹೊಸತು ಬಂದರೆ ಹಳತು ಹೋಗಬೇಕು, ಕಾಗದ ದುಬಾರಿ.
ದುಬಾಶರು ನೀಲಿ ಪೆನ್ಸಿಲಲ್ಲಿ ಕೊಲ್ಲುವರು,
ನಾನು ಅಕ್ಷರ ಬಿಡಿಸಿ ಖಾನೆಗೆ ಹಂಚುವೆ:
ಒಬ್ಬನ ಸಾವಿನದು ಇನ್ನೊಬ್ಬಳ ಮದುವೆಗೆ.

ಒಂದನ್ನು ಮಾತ್ರ ಕೊಲ್ಲಲಿಲ್ಲ.
"ದರ್ಜಿಯ ಮಗಳು, ಜಮೀನ್ದಾರ, ಕ್ಷಯ.
ಹಾಡುಗಳು ಕ್ಷಯಕ್ಕಿಂತ ಉದ್ದ." ಒಂದು ನಕ್ಷತ್ರ.
ಪದ ಬದಲಾಗಲಿಲ್ಲ, ಅಲ್ಪವಿರಾಮ ಸಹ.
ನಕ್ಷತ್ರ ಬೆಳೆಯಿತು.
ಗಿರಣಿಗಳ ಭೋಂಗಾ ನಿಂತ ಮರುವರ್ಷ ಒಂದೂವರೆ.
ಪರೇಲ್ ನಾಕಾದ ಇರಾನಿ ಹೋಟೆಲು ಔಷಧಿ ಅಂಗಡಿಯಾದಾಗ ಎರಡು.
ಆಮೇಲೆ ಎರಡೂವರೆ.
ಕೇಳಿದೆ. ಅಷ್ಟು ವರ್ಷದಲ್ಲಿ ಒಮ್ಮೆ.
"ಮುದ್ರಣದೋಷ," ಎಂದರು, ಮುದ್ರಿಸಿದವನ ಮುಖಕ್ಕೇ.

ಗ್ರಾಂಟ್ ರೋಡಿನಲ್ಲಿ ಅದು ಬೆಳಗಿನ ಆಟಕ್ಕೆ ಬಂತು.
ಇಪ್ಪತ್ತು ಜನ, ಎಂಟು ಮಂದಿ ನಿದ್ದೆಗೆಂದೇ ಬಂದವರು.
ಕೆಟ್ಟ ಸಿನಿಮಾ. ಒಂದು ನಕ್ಷತ್ರವೂ ಉದಾರ.
ನಾಲ್ಕನೇ ರೀಲಿನಲ್ಲಿ ನಾಯಕ ಪರೇಲ್ ನಾಕಾದಲ್ಲಿ ನಿಂತು ಅಳತೊಡಗಿದ.
ಅವನ ಹೆಗಲ ಹಿಂದೆ ಟ್ರಾಮ್ ತಿರುಗಿತು,
ಟೋಪಿ ಒತ್ತಿ ಹಿಡಿದು ಒಬ್ಬ ನೇತಾಡುತ್ತಿದ್ದ,
ಇರಾನಿಯ ಕನ್ನಡಿಯಲ್ಲಿ ಬಿಸಿಲು,
ಪಾಳಿ ಬಿಟ್ಟು ಗಿರಣಿಯ ಜನ, ಚಿಮಣಿ, ಹೊಗೆ.
ಯಾರೂ ಅವರಿಗೆ ನಟಿಸಲು ಹೇಳಿರಲಿಲ್ಲ.
ಸ್ವಲ್ಪ ಸರಿಯೋ ಮಾರಾಯ, ಎಂದೆ ನಾಯಕನಿಗೆ, ಗಟ್ಟಿಯಾಗಿ.
ಮುಂದಿನ ಸಾಲಿನವ ಎಚ್ಚೆತ್ತು ಬೈದ.

ಪ್ರೆಸ್ಸಿನಲ್ಲಿ ಏನೂ ಹೇಳಲಿಲ್ಲ.
ಆ ವರ್ಷ ಎರಡೂವರೆಯ ಜಾಗದಲ್ಲಿ ಮೂರು ಜೋಡಿಸಿದೆ, ನಾನೇ.
ದುಬಾಶರು ಪ್ರೂಫ್ ಓದಿದರು.
ನೀಲಿ ಪೆನ್ಸಿಲು ಅಲ್ಲಿ ತುಸು ನಿಂತಿತು,
ಮುಂದೆ ಹೋಯಿತು.

ಅವರು ಹೋದ ಮೇಲೆ ಪುಸ್ತಕ ಕಂಪ್ಯೂಟರಿಗೆ ಹೋಯಿತು,
ಎರಡು ವರ್ಷ ಉಸಿರಾಡಿತು.
ಕೊನೆಯದನ್ನು ಫೌಂಟನ್ನಿನ ಫುಟ್‌ಪಾತಿನಲ್ಲಿ ಹತ್ತು ರೂಪಾಯಿಗೆ ಕೊಂಡೆ.
ಅದು ಇರಲಿಲ್ಲ.
ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಬೆರಳಿಟ್ಟೆ,
ಹಲ್ಲು ಬಿದ್ದಲ್ಲಿಗೆ ನಾಲಿಗೆ ಹೋಗುವ ಹಾಗೆ.
ಕಾಗದ ನುಣುಪು.
ಅಕ್ಷರ ಒತ್ತಿದ ತಗ್ಗೂ ಇಲ್ಲ.